ಹಳೆಯ ನಿಸ್ಸಾನ್ ಲೀಫ್ ಕಾರಿಗೆ ಹೊಸ ಸಾಫ್ಟ್‌ವೇರ್ ಬೇಕೇ? ಅಳೆದು ನೋಡಿದ ಲೆಕ್ಕ

ಗ್ಯಾರೇಜಿನವರು ಹೇಳಿದ್ದು ಇಷ್ಟು: "ನಿಮ್ಮ ಗಾಡಿಯ ಬ್ಯಾಟರಿ ಕಂಟ್ರೋಲರ್ ಸಾಫ್ಟ್‌ವೇರ್ ಹಳೆಯದಿರಬಹುದು. ಅಪ್‌ಡೇಟ್ ಹಾಕಿಸಿಬಿಡಿ, 120 ಪೌಂಡ್ ಆಗುತ್ತೆ." ಬ್ಯಾಟರಿ ಕಂಟ್ರೋಲರ್ ಎಂದರೆ ಬ್ಯಾಟರಿಯ ಮೇಲೆ ನಿಗಾ ಇಟ್ಟು ಅದರ ಲೆಕ್ಕ ಹಾಕುವ ಕಂಪ್ಯೂಟರ್. ಯಾವ ತೊಂದರೆಗೆ ಈ ಅಪ್‌ಡೇಟ್, ಹಾಕಿದರೆ ಏನು ಬದಲಾಗುತ್ತದೆ ಎಂದು ಕೇಳಿದೆ. ಸರಿಯಾದ ಉತ್ತರ ಸಿಗಲಿಲ್ಲ. ಹಾಗಾಗಿ ಹಣ ಕೊಡುವ ಮೊದಲು ನಾನೇ ಕೂತು ಪರೀಕ್ಷೆ ಮಾಡಿದೆ. ಹಳೆಯ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಕಾರು 2016ರ ನಿಸ್ಸಾನ್ ಲೀಫ್, 30 ಯೂನಿಟ್ ಬ್ಯಾಟರಿಯದು. ಕರೆಂಟ್ ಬಿಲ್‌ನಲ್ಲಿ ಬರುವ ಅದೇ ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಅವರ್. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ನಾನಿರುವ ರೆಡಿಂಗ್‌ನಲ್ಲೇ ಸೆಕೆಂಡ್ ಹ್ಯಾಂಡ್ ಕೊಂಡೆ. ಸರ್ವಿಸ್ ಪುಸ್ತಕ ಅರ್ಧ ಖಾಲಿ. ಹಿಂದಿನ ಮಾಲೀಕರು ಯಾವ ಅಪ್‌ಡೇಟ್ ಹಾಕಿಸಿದ್ದರು, ಯಾವುದು ಬಿಟ್ಟಿದ್ದರು ಎಂಬುದಕ್ಕೆ ಕಾಗದವಿಲ್ಲ. ಡ್ಯಾಶ್‌ಬೋರ್ಡ್‌ನ ಬಲಬದಿಯಲ್ಲಿ ಬ್ಯಾಟರಿಯ ಆರೋಗ್ಯ, ಅಂದರೆ ಹೊಸದಿದ್ದಾಗಿನದಕ್ಕೆ ಹೋಲಿಸಿದರೆ ಈಗ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬುದನ್ನು ತೋರಿಸುವ ಹನ್ನೆರಡು ಪುಟ್ಟ ಗೆರೆಗಳಿರುತ್ತವೆ. ನನ್ನದರಲ್ಲಿ ಈಗ ಹತ್ತು ಉಳಿದಿವೆ.

ಗ್ಯಾರೇಜಿಗೆ ಹೋಗಬೇಕಾಗಿ ಬಂದದ್ದು ಬೇರೆ ಕಾರಣಕ್ಕೆ. ಚಳಿ ಜಾಸ್ತಿಯಾದ ದಿನಗಳಲ್ಲಿ ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ಮೂರ್ನಾಲ್ಕು ಎಚ್ಚರಿಕೆ ದೀಪಗಳು ಒಟ್ಟಿಗೇ ಹತ್ತುತ್ತಿದ್ದವು. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಮಾಯ. ಸಂಬಂಧವಿಲ್ಲದ ದೀಪಗಳು ಹೀಗೆ ಗುಂಪಾಗಿ ಹತ್ತಿದರೆ ಎಲೆಕ್ಟ್ರಿಕ್ ಕಾರಿನಲ್ಲಿ ಮೊದಲು ನೋಡಬೇಕಾದ್ದು ದೊಡ್ಡ ಬ್ಯಾಟರಿಯನ್ನಲ್ಲ, ಬಾನೆಟ್ ಕೆಳಗಿರುವ ಸಾಮಾನ್ಯ 12 ವೋಲ್ಟ್ ಬ್ಯಾಟರಿಯನ್ನು. ಕಾರಿನ ಅಷ್ಟೂ ಕಂಪ್ಯೂಟರ್‌ಗಳು ಎಚ್ಚರಗೊಳ್ಳುವುದು ಅದರ ಬಲದಿಂದಲೇ. ರಾತ್ರಿ ನಿಂತ ಗಾಡಿಯ ಬಾನೆಟ್ ತೆಗೆದು ಮಲ್ಟಿಮೀಟರ್ ಇಟ್ಟೆ. 12.1 ವೋಲ್ಟ್. ಚೆನ್ನಾಗಿರುವ ಬ್ಯಾಟರಿ 12.6ರ ಹತ್ತಿರ ಇರಬೇಕು. ಚಾರ್ಜರ್ ಹಾಕಿ ಪೂರ್ತಿ ತುಂಬಿಸಿ ಒಂದು ದಿನ ಬಿಟ್ಟು ನೋಡಿದರೆ ಮತ್ತೆ 12.2. ಅದರ ಆಯಸ್ಸು ಮುಗಿದಿತ್ತು.

ಹೊಸ 12 ವೋಲ್ಟ್ ಬ್ಯಾಟರಿ ಹಾಕಿದೆ. ಹತ್ತು ನಂಬರಿನ ಸ್ಪ್ಯಾನರ್ ಸಾಕು. ಮೊದಲು ನೆಗೆಟಿವ್ ಬಿಚ್ಚಬೇಕು, ಕೊನೆಯಲ್ಲಿ ನೆಗೆಟಿವ್ ಹಾಕಬೇಕು. ಆಮೇಲೆ ಆ ದೀಪಗಳು ಮತ್ತೆ ಬರಲಿಲ್ಲ. ಅಲ್ಲಿಗೆ ಗ್ಯಾರೇಜಿಗೆ ಹೋದ ಕಾರಣವೇ ಮುಗಿಯಿತು. ಆದರೂ ಅಪ್‌ಡೇಟ್ ಪ್ರಶ್ನೆ ತಲೆಯಲ್ಲಿ ಉಳಿಯಿತು. ಯಾಕೆಂದರೆ ಈ 30 ಯೂನಿಟ್ ಲೀಫ್‌ಗೆ ಒಂದು ಇತಿಹಾಸವಿದೆ.

2018ರಲ್ಲಿ ನ್ಯೂಜಿಲೆಂಡಿನ ಫ್ಲಿಪ್ ದ ಫ್ಲೀಟ್ ಎಂಬ ತಂಡ ಕಾರು ಮಾಲೀಕರಿಂದಲೇ ಲೆಕ್ಕ ತರಿಸಿಕೊಂಡು 283 ಲೀಫ್‌ಗಳನ್ನು ಹೋಲಿಸಿ ನೋಡಿತು. ಹಳೆಯ 24 ಯೂನಿಟ್ ಬ್ಯಾಟರಿಗಳು ವರ್ಷಕ್ಕೆ ಸುಮಾರು 3% ಆರೋಗ್ಯ ಕಳೆದುಕೊಳ್ಳುತ್ತಿದ್ದವು. ಹೊಸದಾದ 30 ಯೂನಿಟ್ ಬ್ಯಾಟರಿಗಳು ಎರಡು ವರ್ಷ ಹಳೆಯದಾಗುವಷ್ಟರಲ್ಲೇ ವರ್ಷಕ್ಕೆ ಹತ್ತಿರ ಹತ್ತಿರ 10% ವೇಗದಲ್ಲಿ ಇಳಿಯುತ್ತಿರುವಂತೆ ಕಂಡವು. ಮಾಲೀಕರು ಗಾಬರಿಯಾದರು. ಆದರೆ ಎಷ್ಟೋ ಜನರಿಗೆ ರಸ್ತೆಯ ಮೇಲೆ ಅಷ್ಟು ದೂರ ಕಡಿಮೆಯಾದ ಅನುಭವ ಇರಲಿಲ್ಲ. ಕೊನೆಗೆ ಗೊತ್ತಾದದ್ದು: ಬ್ಯಾಟರಿಯೊಳಗಿನ ಸೆಲ್‌ಗಳು ಚೆನ್ನಾಗಿಯೇ ಇದ್ದವು, ಲೆಕ್ಕ ಹಾಕುವ ಕಂಟ್ರೋಲರ್ ತಪ್ಪು ಅಂದಾಜು ಮಾಡುತ್ತಿತ್ತು. ಅದೇ ವರ್ಷ ನಿಸ್ಸಾನ್ ಆ ಕಂಟ್ರೋಲರ್‌ಗೆ ಹೊಸ ಸಾಫ್ಟ್‌ವೇರ್ ಬಿಟ್ಟಿತು. ಹಾಕಿಸಿಕೊಂಡ ಕಾರುಗಳ ಅಂಕಿಗಳು ಮೇಲೆ ಬಂದವು.

ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬುದನ್ನು ಯಾವ ಕಾರೂ ನೇರವಾಗಿ ಅಳೆಯುವುದಿಲ್ಲ. ಒಳಗೆ ಹೋದ ಕರೆಂಟ್, ಹೊರಗೆ ಬಂದ ಕರೆಂಟ್, ಸೆಲ್ ವೋಲ್ಟೇಜ್, ಒಳಗಿನ ಪ್ರತಿರೋಧ, ಉಷ್ಣತೆ, ಇವನ್ನೆಲ್ಲ ಸೇರಿಸಿ ಕಂಟ್ರೋಲರ್ ಒಂದು ಅಂದಾಜು ಮಾಡುತ್ತದೆ. ನಾವು ಪರದೆಯ ಮೇಲೆ ನೋಡುವುದು ಆ ಅಂದಾಜು. ಸಾಫ್ಟ್‌ವೇರ್ ಬದಲಾದರೆ ಅಂದಾಜು ಬದಲಾಗುತ್ತದೆ, ಸೆಲ್‌ಗಳ ರಸಾಯನ ಬದಲಾಗುವುದಿಲ್ಲ. ಹಾಗಾಗಿ ನನ್ನ ಪ್ರಶ್ನೆ ಹೀಗಾಯಿತು: ನನ್ನ ಕಾರಿನ ಅಂದಾಜು ನಿಜಕ್ಕೆ ಹತ್ತಿರವಿದೆಯೇ, ದೂರವಿದೆಯೇ? ದೂರವಿದ್ದರೆ ಅಪ್‌ಡೇಟ್ ಬೇಕು. ಹತ್ತಿರವಿದ್ದರೆ 120 ಪೌಂಡ್ ಕೊಟ್ಟು ನನಗೆ ಸಿಗುವುದೇನೂ ಇಲ್ಲ.

ಬೇಕಾದ ಸಾಮಾನು ಮೂರೇ. ಒಂದು, ಕಾರಿನ ಓಬಿಡಿ ಸಾಕೆಟ್‌ಗೆ (ಮೆಕ್ಯಾನಿಕ್‌ಗಳು ತಪಾಸಣೆಯ ಉಪಕರಣ ಜೋಡಿಸುವ ಜಾಗ) ಸಿಕ್ಕಿಸಿ ಕಾರಿನ ಮಾಹಿತಿಯನ್ನು ಫೋನ್‌ಗೆ ಕಳಿಸುವ ಇಎಲ್‌ಎಂ327 ಬ್ಲೂಟೂತ್ ಡಾಂಗಲ್. ಇದರಲ್ಲಿ ತೀರಾ ಅಗ್ಗದವು ಅರ್ಧಕ್ಕೆ ಕೈಕೊಡುತ್ತವೆ, ಸ್ವಲ್ಪ ಒಳ್ಳೆಯದನ್ನೇ ಕೊಳ್ಳಿ. ಎರಡು, ಆ ಮಾಹಿತಿಯನ್ನು ಓದಿ ತೋರಿಸಲು ಫೋನ್‌ನಲ್ಲಿ ಲೀಫ್‌ಸ್ಪೈ ಆ್ಯಪ್. ಮೂರು, ಗೋಡೆಯ ಸಾಕೆಟ್‌ಗೂ ಚಾರ್ಜಿಂಗ್ ಕೇಬಲ್‌ಗೂ ನಡುವೆ ಸಿಕ್ಕಿಸುವ ಯೂನಿಟ್ ಮೀಟರ್. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯ. ಆ್ಯಪ್ ತೋರಿಸುವುದೂ ಕಂಟ್ರೋಲರ್ ಹೇಳಿದ ಅಂಕಿಯನ್ನೇ ಅಲ್ವಾ? ಕಾರಿನ ಮಾತನ್ನು ಕಾರಿನಿಂದಲೇ ಪರೀಕ್ಷಿಸಲು ಆಗುವುದಿಲ್ಲ. ಹೊರಗಿನ ಸಾಕ್ಷಿ ಬೇಕು. ಗೋಡೆಯ ಮೀಟರ್ ಆ ಸಾಕ್ಷಿ.

ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಕಾರು ರಾತ್ರಿಯಿಡೀ 10 ಆಂಪಿಯರ್ ಎಳೆಯುತ್ತದೆ. ಇಲ್ಲಿನ ಮೂರು ಪಿನ್ ಸಾಕೆಟ್ 13 ಆಂಪಿಯರಿನದು. ಮೀಟರ್ ಮೇಲೂ ಅಷ್ಟೇ ಬರೆದಿರಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಮೊದಲ ಒಂದು ಗಂಟೆ ಹತ್ತಿರವೇ ಇದ್ದು ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬಿಸಿಯಾದರೆ ತಕ್ಷಣ ನಿಲ್ಲಿಸಿ. ಭಾರತದಲ್ಲಿ 15 ಆಂಪಿಯರ್ ಸಾಕೆಟ್‌ನಲ್ಲಿ ಮಾಡುವವರಿಗೂ ಇದೇ ಮಾತು. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಶಿಯನ್ ಹತ್ತಿರ ಮೊದಲೇ ನೋಡಿಸಿಕೊಳ್ಳಿ.

ಪರೀಕ್ಷೆ ಹೀಗೆ ನಡೆಯಿತು. ಆಕ್ಸ್‌ಫರ್ಡ್ ಕಡೆ ಹೋಗಿ ಬಂದು, ಉಳಿದದ್ದನ್ನು ಊರೊಳಗೆ ಓಡಿಸಿ, ಬ್ಯಾಟರಿಯನ್ನು ಕೆಳಮಟ್ಟಕ್ಕೆ ತಂದೆ. ಕಡಿಮೆ ಚಾರ್ಜ್ ಎಚ್ಚರಿಕೆ ಬಂದ ಮೇಲೆ ನಿಲ್ಲಿಸಿ ಅರ್ಧ ಗಂಟೆ ಸುಮ್ಮನೆ ಬಿಟ್ಟೆ. ಓಡಿದ ತಕ್ಷಣ ವೋಲ್ಟೇಜ್ ಕುಸಿದಿರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ನಿಜವಾದ ಮಟ್ಟಕ್ಕೆ ಬರುತ್ತದೆ. ಆಗ ಆ್ಯಪ್‌ನಲ್ಲಿ ಕಂಡದ್ದು: ಬ್ಯಾಟರಿ ಆರೋಗ್ಯ 77%. ಉಳಿದ ಶಕ್ತಿ 3.4 ಯೂನಿಟ್. ಈ ಬ್ಯಾಟರಿಯಲ್ಲಿ ಎರಡೆರಡು ಸೆಲ್ ಜೋಡಿಯಾಗಿ, ಅಂಥ 96 ಜೋಡಿಗಳು ಸಾಲಾಗಿ ಇರುತ್ತವೆ. ಒಟ್ಟು 192 ಸೆಲ್. ಬಹುತೇಕ ಜೋಡಿಗಳು 3.6 ವೋಲ್ಟ್ ಆಸುಪಾಸಿನಲ್ಲಿದ್ದವು. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ನಡುವೆ 38 ಮಿಲಿವೋಲ್ಟ್ ವ್ಯತ್ಯಾಸ.

ಈ ವ್ಯತ್ಯಾಸವನ್ನು ತಳದಲ್ಲೇ ನೋಡಬೇಕು. ಪೂರ್ತಿ ಚಾರ್ಜ್ ಆದಾಗ ಎಲ್ಲ ಸೆಲ್‌ಗಳೂ ಸಮವಾಗಿಯೇ ಕಾಣುತ್ತವೆ. ಬಲಹೀನವಾದ ಜೋಡಿ ಬಯಲಾಗುವುದು ಖಾಲಿಯಾಗುವ ಹೊತ್ತಿಗೆ. ಒಂದೇ ಜೋಡಿ ಉಳಿದವುಗಳಿಗಿಂತ ತುಂಬಾ ಕೆಳಗೆ ಬಿದ್ದರೆ ಅದು ಸೆಲ್‌ನ ತೊಂದರೆ, ಯಾವ ಅಪ್‌ಡೇಟೂ ಅದನ್ನು ಸರಿಮಾಡುವುದಿಲ್ಲ. ನನ್ನದರಲ್ಲಿ ಅಂಥದ್ದು ಕಾಣಲಿಲ್ಲ. ಎಲ್ಲ ಸೆಲ್‌ಗಳೂ ಒಟ್ಟಿಗೇ ವಯಸ್ಸಾದವು.

ಆಮೇಲೆ ಮೀಟರ್ ಸೊನ್ನೆ ಮಾಡಿ ಚಾರ್ಜ್‌ಗೆ ಹಾಕಿದೆ. ಬೆಳಿಗ್ಗೆ ಚಾರ್ಜ್ ತಾನಾಗಿಯೇ ನಿಂತಿತ್ತು. ಗೋಡೆಯ ಮೀಟರ್ 21.5 ಯೂನಿಟ್ ತೋರಿಸಿತು. ಆ್ಯಪ್‌ನಲ್ಲಿ ಬ್ಯಾಟರಿ 21.5 ಯೂನಿಟ್‌ಗೆ ಏರಿತ್ತು. ಎರಡೂ ಅಂಕಿ ಒಂದೇ ಆಗಿರುವುದು ಕಾಕತಾಳೀಯ, ಅವು ಬೇರೆ ಬೇರೆ ವಿಷಯ. ಬ್ಯಾಟರಿ 3.4ರಿಂದ 21.5ಕ್ಕೆ ಹೋಯಿತು, ಅಂದರೆ ಒಳಗೆ ಸೇರಿದ್ದು 18.1. ಗೋಡೆಯಿಂದ ಹೊರಟದ್ದು 21.5. ಭಾಗಿಸಿದರೆ 84%. ಉಳಿದ 16% ಚಾರ್ಜರ್‌ನ ಬಿಸಿಗೆ, ಪಂಪ್‌ಗೆ, 12 ವೋಲ್ಟ್ ಕಡೆಗೆ ಹೋಗಿದೆ. ಮೂರು ಪಿನ್ ಸಾಕೆಟ್‌ನಿಂದ ನಿಧಾನವಾಗಿ ಚಾರ್ಜ್ ಮಾಡುವಾಗ ಇಷ್ಟು ನಷ್ಟ ಮಾಮೂಲು.

ಈಗ ಉಲ್ಟಾ ಲೆಕ್ಕ ಮಾಡಿ ನೋಡಿ. ಕಂಟ್ರೋಲರ್ ತಪ್ಪು ಹೇಳುತ್ತಿದೆ, ನಿಜವಾದ ಆರೋಗ್ಯ 77 ಅಲ್ಲ 90% ಎಂದುಕೊಳ್ಳೋಣ. ಆಗ ಅದೇ ಏರಿಕೆಗೆ ಬ್ಯಾಟರಿ 18.1ರ ಬದಲು 21 ಯೂನಿಟ್‌ಗಿಂತ ಜಾಸ್ತಿ ಕುಡಿಯಬೇಕಿತ್ತು. ಗೋಡೆಯ ಮೀಟರ್ 25ರ ಆಸುಪಾಸು ತೋರಿಸಬೇಕಿತ್ತು. ಜೊತೆಗೆ ಚಾರ್ಜ್ ಖಾಲಿ ಎಂದು ಕಾರು ಕೂಗುವಾಗ ಸೆಲ್ ವೋಲ್ಟೇಜ್ ಇನ್ನೂ ಮೇಲೆ ಇರಬೇಕಿತ್ತು. ಎರಡೂ ಕಾಣಲಿಲ್ಲ. ಹೆಚ್ಚು ಚಳಿಯಿಲ್ಲದ ಇನ್ನೊಂದು ವಾರ ಮತ್ತೆ ಅಳೆದಾಗಲೂ ಇದಕ್ಕೆ ತೀರಾ ಹತ್ತಿರದ ಉತ್ತರವೇ ಬಂತು.

ಅಂದರೆ ನನ್ನ ಬ್ಯಾಟರಿಗೆ ನಿಜವಾಗಿಯೂ ವಯಸ್ಸಾಗಿದೆ. ಕಂಟ್ರೋಲರ್ ಹೇಳುತ್ತಿರುವುದು ಸರಿ. ಆ ಅಪ್‌ಡೇಟನ್ನು ಹಿಂದಿನ ಮಾಲೀಕರು ಯಾವಾಗಲೋ ಹಾಕಿಸಿರಬೇಕು ಎಂಬುದು ನನ್ನ ಅಂದಾಜು. ಹಾಕಿಸಿದ್ದರೂ ಬಿಟ್ಟಿದ್ದರೂ, ಇವತ್ತಿನ ಅಂಕಿ ನಿಜಕ್ಕೆ ಹೊಂದುತ್ತಿದೆ. 30 ಯೂನಿಟ್ ಬ್ಯಾಟರಿಗೆ ಇಲ್ಲಿ ಎಂಟು ವರ್ಷ ಅಥವಾ ಒಂದು ಲಕ್ಷ ಮೈಲಿಯ ವಾರಂಟಿ ಇತ್ತು, ಗೆರೆಗಳು ಒಂಬತ್ತಕ್ಕಿಂತ ಕೆಳಗಿಳಿದರೆ ಮಾತ್ರ. ಅದು ಮುಗಿದಿದೆ. ಹಾಗಾಗಿ ವಾರಂಟಿಗೋಸ್ಕರ ದಾಖಲೆ ಮಾಡಿಸುವ ಕಾರಣವೂ ಇಲ್ಲ.

ಅಪ್‌ಡೇಟ್ ಹಾಕಿದರೆ ನಷ್ಟವೇನು ಎಂದು ಗೆಳೆಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಈ ವಯಸ್ಸಿನ ಕಾರಿನ ಬ್ಯಾಟರಿ ಕಂಟ್ರೋಲರ್‌ಗೆ ಇಂಟರ್‌ನೆಟ್ ಮೂಲಕ ಅಪ್‌ಡೇಟ್ ಬರುವುದಿಲ್ಲ, ಓಬಿಡಿ ಸಾಕೆಟ್‌ಗೆ ಉಪಕರಣ ಜೋಡಿಸಿ ಬರೆಯಬೇಕು. ಬರೆಯುವ ಹೊತ್ತಿನಲ್ಲಿ 12 ವೋಲ್ಟ್ ಬ್ಯಾಟರಿ ಕುಸಿದರೆ ಕಂಟ್ರೋಲರ್ ಅರ್ಧಕ್ಕೇ ಸತ್ತುಹೋಗಬಹುದು. ನನ್ನ 12.1 ವೋಲ್ಟ್ ಬ್ಯಾಟರಿ ಇದ್ದಾಗಲೇ ಬರೆದಿದ್ದರೆ ಏನಾಗುತ್ತಿತ್ತೋ. ಒಳ್ಳೆಯ ವರ್ಕ್‌ಶಾಪ್‌ನವರು ಆ ಹೊತ್ತಿಗೆ ಹೊರಗಿನಿಂದ ಸ್ಥಿರವಾದ ಸಪ್ಲೈ ಕೊಡುತ್ತಾರೆ. ಕೊಡುತ್ತೀರಾ ಎಂದು ಕೇಳಿಯೇ ಗಾಡಿ ಬಿಡಬೇಕು. ಇನ್ನೊಂದು, ಹಳೆಯ ಆವೃತ್ತಿಗೆ ವಾಪಸ್ ಹೋಗುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ.

ಅಪ್‌ಡೇಟ್ ಬಂದ ಮೇಲೆ ಓಡುವ ದೂರವೇ ಕಡಿಮೆಯಾದ ಉದಾಹರಣೆಯೂ ಇದೆ. 2019ರಲ್ಲಿ ಟೆಸ್ಲಾ ಹಳೆಯ ಮಾಡೆಲ್ ಎಸ್ ಕಾರುಗಳಿಗೆ ಒಂದು ಅಪ್‌ಡೇಟ್ ಕಳಿಸಿತು. ಕೆಲವು ಕಾರುಗಳ ಗರಿಷ್ಠ ಬ್ಯಾಟರಿ ವೋಲ್ಟೇಜ್ ಇಳಿಯಿತು. ಮಾಲೀಕರು ಕೋರ್ಟಿಗೆ ಹೋದರು. 2021ರಲ್ಲಿ 1,743 ಕಾರುಗಳಿಗೆ ಸಂಬಂಧಿಸಿ 15 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು, ಹೆಚ್ಚಿನವರಿಗೆ ತಲಾ 625 ಡಾಲರ್ ಬಂತು. ಮೊದಲಿನ ಅಳತೆ ಬರೆದಿಟ್ಟುಕೊಂಡಿದ್ದವರಿಗೆ ಮಾತ್ರ ಎಷ್ಟು ಹೋಯಿತು ಎಂದು ಖಚಿತವಾಗಿ ಹೇಳಲು ಸಾಧ್ಯ.

ಹಾಗೆಂದು ಎಲ್ಲ ಅಪ್‌ಡೇಟನ್ನೂ ಬೇಡ ಎನ್ನುವವನು ನಾನಲ್ಲ. ಸುರಕ್ಷತೆಯ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿಯನ್ನು ವಾಪಸ್ ಕರೆಸುವ ಸೂಚನೆ ಬಂದರೆ ಎರಡನೇ ಯೋಚನೆಯೇ ಬೇಡ, ಹಾಕಿಸಲೇಬೇಕು. ಆದರೆ ಹಾಕಿಸಿದ ಮೇಲೆ ಎಲ್ಲ ಸರಿಹೋಯಿತು ಎಂದು ಮರೆಯಲೂಬಾರದು. ಹ್ಯುಂಡೈ ಕೋನಾ ಎಲೆಕ್ಟ್ರಿಕ್ ಕಾರಿಗೆ ಬೆಂಕಿ ಬಿದ್ದ ಪ್ರಕರಣಗಳ ನಂತರ 2020ರ ಅಕ್ಟೋಬರಿನಲ್ಲಿ ಕೊರಿಯಾದಲ್ಲಿ ರೀಕಾಲ್ ಶುರುವಾಯಿತು. ಬ್ಯಾಟರಿ ನಿಗಾ ಸಾಫ್ಟ್‌ವೇರ್ ಬದಲಿಸಿದರು. 2021ರ ಜನವರಿಯಲ್ಲಿ, ಆ ಅಪ್‌ಡೇಟ್ ಆಗಿದ್ದ ಒಂದು ಕಾರಿಗೇ ದೇಗು ನಗರದಲ್ಲಿ ಬೆಂಕಿ ಬಿತ್ತು. ಮರುತಿಂಗಳು ಜಗತ್ತಿನಾದ್ಯಂತ ಸುಮಾರು 82,000 ವಾಹನಗಳ ಬ್ಯಾಟರಿಯನ್ನೇ ಬದಲಿಸುವ ನಿರ್ಧಾರ ಬಂತು. ಸೆಲ್‌ನಲ್ಲೇ ದೋಷವಿದ್ದರೆ ಸಾಫ್ಟ್‌ವೇರ್ ಎಚ್ಚರಿಸಬಹುದು ಅಷ್ಟೇ. ನನ್ನ ಗಾಡಿಗೆ ಬಾಕಿ ರೀಕಾಲ್ ಇದೆಯೇ ಎಂದು ಬ್ರಿಟನ್ ಸರ್ಕಾರದ ತಾಣದಲ್ಲಿ ರಿಜಿಸ್ಟ್ರೇಶನ್ ನಂಬರ್ ಹಾಕಿ ನೋಡಿದೆ. ಯಾವುದೂ ಇರಲಿಲ್ಲ. ಇದ್ದಿದ್ದರೆ ಈ ಬರಹದ ಉತ್ತರವೇ ಬೇರೆಯಾಗುತ್ತಿತ್ತು.

ಇನ್ನು ಭದ್ರತೆಯ ವಿಷಯ. 2016ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಎಂಬ ಭದ್ರತಾ ತಜ್ಞರು ಲೀಫ್‌ನ ಫೋನ್ ಆ್ಯಪ್‌ನ ಒಂದು ತೂತನ್ನು ಬಯಲು ಮಾಡಿದರು. ಕಾರಿನ ಚಾಸಿ ನಂಬರ್ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ದೂರದಿಂದ ಅದರ ಎಸಿ ಹಾಕಬಹುದಿತ್ತು, ಓಡಾಟದ ಮಾಹಿತಿ ನೋಡಬಹುದಿತ್ತು. ಕಂಪನಿ ಆ ಸೇವೆಯನ್ನೇ ನಿಲ್ಲಿಸಿ ಸರಿಪಡಿಸಬೇಕಾಯಿತು. ಇಂಟರ್‌ನೆಟ್‌ಗೆ ಅಂಟಿಕೊಂಡ ಯಾವ ಕಾರಿಗೂ ಭದ್ರತೆಯ ಅಪ್‌ಡೇಟ್ ತಪ್ಪಿಸಬಾರದು. ಆದರೆ ನನ್ನ ಕಾರು ಈಗ ಇಂಟರ್‌ನೆಟ್‌ನಲ್ಲಿ ಇಲ್ಲ. 2016ರವರೆಗೆ ತಯಾರಾದ ಲೀಫ್‌ಗಳು ಮಾತಾಡುತ್ತಿದ್ದದ್ದು 2ಜಿ ನೆಟ್‌ವರ್ಕ್ ಮೂಲಕ. 2ಜಿ ಮುಚ್ಚುವ ಕಾರಣ ಕೊಟ್ಟು, 2024ರ ಏಪ್ರಿಲ್ 1ರಿಂದ ಬ್ರಿಟನ್‌ನಲ್ಲಿ ಆ ಕಾರುಗಳಿಗೆ ಆ್ಯಪ್ ಸೇವೆ ನಿಂತಿತು. ಚಳಿಗಾಲದಲ್ಲಿ ಹಾಸಿಗೆಯಿಂದಲೇ ಕಾರು ಬೆಚ್ಚಗೆ ಮಾಡಿಕೊಳ್ಳುತ್ತಿದ್ದವರಿಗೆ ಇದು ನಿಜಕ್ಕೂ ಬೇಸರದ ವಿಷಯ. ಆದರೆ ದೂರದಿಂದ ಒಳನುಗ್ಗುವ ಆ ಬಾಗಿಲೂ ಅದರ ಜೊತೆಗೇ ಮುಚ್ಚಿತು. ಮ್ಯಾಪ್ ಪರದೆಯ ಅಪ್‌ಡೇಟ್‌ಗೂ ಹಣ ಖರ್ಚು ಮಾಡಲಿಲ್ಲ. ಫೋನ್‌ನ ಮ್ಯಾಪ್ ಸಾಕು.

ಅದೇ ನ್ಯಾಯದಲ್ಲಿ ನೋಡಿದರೆ ನಾನು ಅಪ್‌ಡೇಟ್ ಮಾಡಲೇಬೇಕಿದ್ದ ವಸ್ತು ಕಾರಲ್ಲ, ಮನೆಯ ಗೋಡೆಯ ಮೇಲಿರುವ ಚಾರ್ಜರ್. ಅದು ವೈಫೈಗೆ ಸೇರಿದೆ, ಹಗಲಿರುಳು ಆನ್ ಇರುತ್ತದೆ, 7 ಕಿಲೋವ್ಯಾಟ್ ಹರಿಸುತ್ತದೆ. ಬ್ರಿಟನ್‌ನಲ್ಲಿ 2022ರ ಜೂನ್ 30ರಿಂದ ಮನೆ ಚಾರ್ಜರ್‌ಗಳಿಗೆ ಹೊಸ ನಿಯಮ ಬಂತು, ಅದೇ ಡಿಸೆಂಬರ್ 30ರಿಂದ ಭದ್ರತೆಯ ನಿಯಮವೂ ಸೇರಿತು. ನನ್ನ ಚಾರ್ಜರ್ ಅದಕ್ಕಿಂತ ಹಳೆಯದು. ಅದರ ಅಪ್‌ಡೇಟ್ ತಕ್ಷಣ ಹಾಕಿದೆ, ಪಾಸ್‌ವರ್ಡ್ ಬದಲಿಸಿದೆ, ಮನೆಯ ಬೇರೆ ಸಾಧನಗಳಿಂದ ದೂರವಿರಲಿ ಎಂದು ಅತಿಥಿಗಳ ವೈಫೈಗೆ ಸೇರಿಸಿದೆ. ಮುಗಿದ ಮೇಲೆ ರಾತ್ರಿಯ ಅಗ್ಗದ ದರದ ಸಮಯ ಹಾಗೇ ಉಳಿದಿದೆಯೇ ಎಂದು ನೋಡಿದೆ. ಅಳಿಸಿಹೋಗಿತ್ತು, ಮತ್ತೆ ಹಾಕಿದೆ. ನೀವೂ ಮರೆಯದೆ ನೋಡಿ.

ಮೈಸೂರಿನಿಂದ ಭಾವ ಫೋನ್ ಮಾಡಿದಾಗ ಈ ವಿಷಯ ಬಂತು. ಅವರದು 2020ರ ಟಾಟಾ ನೆಕ್ಸಾನ್ ಇವಿ. 2022ರ ಜುಲೈನಲ್ಲಿ ಟಾಟಾ ಹಳೆಯ ನೆಕ್ಸಾನ್ ಇವಿ ಮಾಲೀಕರಿಗೂ ಉಚಿತ ಅಪ್‌ಡೇಟ್ ಕೊಟ್ಟಿತ್ತು. ಬ್ರೇಕ್ ಮಾಡುವಾಗ ಬ್ಯಾಟರಿಗೆ ಶಕ್ತಿ ಮರಳಿಸುವ ರೀಜೆನ್‌ಗೆ ಬೇರೆ ಬೇರೆ ಹಂತ, ಕ್ರೂಸ್ ಕಂಟ್ರೋಲ್, ಟೈರ್ ಗಾಳಿಯ ಮೇಲೆ ನಿಗಾ ಅದರಲ್ಲಿದ್ದವು. "ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಏನಾದರೊಂದು ಅಪ್‌ಡೇಟ್ ಅಂತಾರೆ. ಹಾಕಿಸೋದಾ, ಬೇಡ್ವಾ?" ಎಂದರು.

"ಭಾವ, ನಿಮ್ಮ ಗಾಡಿಯ ಬ್ಯಾಟರಿ ಇನ್ನೂ ವಾರಂಟಿಯಲ್ಲಿದೆ. ಕಂಪನಿ ಸರ್ವಿಸ್ ಸೆಂಟರಿನವರು ಹಾಕುತ್ತೇವೆ ಎಂದರೆ ಬೇಡ ಎನ್ನಬೇಡಿ. ಆದರೆ ಬಿಡುವ ಹಿಂದಿನ ರಾತ್ರಿ ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಮೀಟರ್ ಎಷ್ಟು ಯೂನಿಟ್ ಓಡಿತು ಎಂದು ಬರೆದಿಡಿ. ಯಾವ ಕಂಟ್ರೋಲರ್‌ಗೆ ಹಾಕಿದರು ಎಂದು ಜಾಬ್ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ" ಎಂದೆ. ಇನ್ನೊಂದು ಮಾತನ್ನೂ ಸೇರಿಸಿದೆ. ಅವರ ಕಾರಿನಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳ ವೋಲ್ಟೇಜ್ ಮಧ್ಯದಲ್ಲಿ ಬಹುತೇಕ ಬದಲಾಗುವುದೇ ಇಲ್ಲ. ಅರ್ಧ ಚಾರ್ಜ್ ಇದ್ದರೂ ಮುಕ್ಕಾಲು ಇದ್ದರೂ ಹೆಚ್ಚು ಕಡಿಮೆ ಅದೇ ಅಂಕಿ. ಅದಕ್ಕೇ ಅಂಥ ಕಾರಿನ ಚಾರ್ಜ್ ಅಂದಾಜು ಬೇಗ ದಾರಿ ತಪ್ಪುತ್ತದೆ, ಆಗಾಗ 100% ತುಂಬಿಸಿದರೆ ಸರಿಯಾಗುತ್ತದೆ. ಅಪ್‌ಡೇಟ್ ಆದ ಮೇಲೆ ಶೇಕಡಾ ಅಂಕಿ ವಿಚಿತ್ರವಾಗಿ ಜಿಗಿದರೆ ಮೊದಲು ಪೂರ್ತಿ ಚಾರ್ಜ್ ಮಾಡಿ ನೋಡಬೇಕು. ಆಮೇಲೆ ಸರ್ವಿಸ್ ಸೆಂಟರ್.

ಬೆಂಗಳೂರಿನಲ್ಲಿ ತಯಾರಾದ ರೇವಾ ಒಂದು ಕಾಲದಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ ಬೀದಿಗಳಲ್ಲಿ ಓಡಾಡುತ್ತಿತ್ತು. ಆ ಮೊದಲ ಕಾರುಗಳಲ್ಲಿ ಇದ್ದದ್ದು ಸೀಸದ ಆಸಿಡ್ ಬ್ಯಾಟರಿ. ಅಂಥ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಎಷ್ಟಿದೆ ಎಂದು ಕಣ್ಣಿನಿಂದಲೇ ನೋಡಬಹುದು. ಈಗಿನ ಬ್ಯಾಟರಿಯ ಮುಚ್ಚಳ ತೆಗೆಯುವಂತಿಲ್ಲ, ತೆಗೆಯಲೂಬಾರದು, ಒಳಗೆ ಸುಮಾರು 400 ವೋಲ್ಟ್ ಇರುತ್ತದೆ. ಆದರೂ ಹೊರಗಿನಿಂದ ಅಳೆಯಲು ಮೀಟರ್ ಸಾಕು ಎಂಬುದೇ ನನಗೆ ಸಮಾಧಾನ ಕೊಟ್ಟ ಸಂಗತಿ.

ಸದ್ಯಕ್ಕೆ ಕಾರಿನ ಬ್ಯಾಟರಿ ಕಂಟ್ರೋಲರ್ ಇದ್ದ ಹಾಗೇ ಇದೆ. 120 ಪೌಂಡ್ ಉಳಿಯಿತು, ಅದರಲ್ಲಿ ಬಹುಪಾಲು 12 ವೋಲ್ಟ್ ಬ್ಯಾಟರಿಗೆ ಹೋಯಿತು. ಆ್ಯಪ್‌ನ ಪರದೆಗಳ ಚಿತ್ರ, ಕಂಟ್ರೋಲರ್‌ಗಳ ಪಾರ್ಟ್ ನಂಬರ್, ಗೋಡೆಯ ಮೀಟರಿನ ಅಂಕಿ, ಆ ದಿನದ ಉಷ್ಣತೆ, ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ಮುಂದಿನ ಚಳಿಗಾಲಕ್ಕೆ ಮೊದಲು ಇದೇ ಪರೀಕ್ಷೆ ಮತ್ತೆ ಮಾಡುತ್ತೇನೆ. ಒಳಗೆ ಸೇರಿದ ಯೂನಿಟ್ ಗೋಡೆಯ ಯೂನಿಟ್‌ನ 75%ಗಿಂತ ಕೆಳಗೆ ಕಂಡರೆ, ಕಂಟ್ರೋಲರ್ ಕಡಿಮೆ ಲೆಕ್ಕ ಹೇಳುತ್ತಿದೆ ಎಂದು ತಿಳಿದು ಈ ಅಂಕಿಗಳ ಜೊತೆಗೇ ಡೀಲರ್ ಹತ್ತಿರ ಹೋಗಿ ಅಪ್‌ಡೇಟ್ ಕೇಳುತ್ತೇನೆ. ಒಂದೇ ಸೆಲ್ ಜೋಡಿ ತಳದಲ್ಲಿ ಬೇರೆಯಾಗಿ ಬಿದ್ದರೆ ಅದಿರುವ ಸೆಲ್ ಕಟ್ಟನ್ನು (ಮಾಡ್ಯೂಲ್) ಬದಲಿಸುವವರನ್ನು ಹುಡುಕುತ್ತೇನೆ. ಇವೆರಡೂ ಆಗದಿದ್ದರೆ ಗಾಡಿ ಹೀಗೇ ಓಡಲಿ.